ಈಚೆಗೆ ಓದಿದ ಪ್ರೇಮ ಕಾದಂಬರಿಗಳು: ಮದುವೆ ಆದಮೇಲೂ ಮಾತಾಡುವ ಜೋಡಿ ಯಾವುದರಲ್ಲಿದೆ?

ಮಂಡಗದ್ದೆ ಹಕ್ಕಿ:

ಎಲ್ಲರಿಗೂ ನಮಸ್ಕಾರ. ಈ ಮಳೆಗಾಲ ಪೂರ್ತಿ ನಾನು ಪ್ರೇಮ ಕಾದಂಬರಿಗಳನ್ನೇ ಓದಿದೆ. ಕೆಲಸಕ್ಕೆ ಶಿವಮೊಗ್ಗಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವಳು, ಸೀಟು ಸಿಕ್ಕಿದರೆ ಓದು, ಸಿಗದಿದ್ದರೆ ಇಲ್ಲ. ಮೊಬೈಲಿನಲ್ಲಿ ಕಂತು ಕಂತಾಗಿ ಬರುವ ಹೊಸ ಕತೆಗಳು, ಅಮ್ಮನ ಕಪಾಟಿನಲ್ಲಿದ್ದ ಹಳೇ ಕಾದಂಬರಿಗಳು, ನಡುವೆ ಒಂದೆರಡು ಇಂಗ್ಲಿಷಿನವು. ಓದುತ್ತಾ ಓದುತ್ತಾ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ನಿಮ್ಮನ್ನೇ ಕೇಳೋಣ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಹೊಸ ಕತೆಗಳು. ಹೆಸರು ಬೇರೆ, ಬರೆದವರೂ ಬೇರೆ, ಆದರೆ ಊರು ಹೆಚ್ಚಾಗಿ ನಮ್ಮ ಕಡೆಯದ್ದೇ. ಬೆಂಗಳೂರಿನಿಂದ ಹುಡುಗಿ ಬರುತ್ತಾಳೆ. ಕೊಪ್ಪವೋ ತೀರ್ಥಹಳ್ಳಿಯೋ ಸಕಲೇಶಪುರವೋ ಒಂದು ಎಸ್ಟೇಟು, ದೊಡ್ಡ ಮನೆ, ಮಂಜು, ಮಳೆ, ಮಾತಾಡದ ನಾಯಕ. ಓದಲು ಖುಷಿಯಾಗುತ್ತದೆ, ಅದನ್ನು ಇಲ್ಲ ಅನ್ನುವುದಿಲ್ಲ. ಇಬ್ಬರೂ ಮೊದಲ ಸಲ ಎದುರಾಗುವಾಗ, ಸಣ್ಣ ವಿಷಯಕ್ಕೆ ಜಗಳ ಆಡುವಾಗ, ಬಸ್ಸು ಗಾಜನೂರು ದಾಟಿದ್ದೇ ಗೊತ್ತಾಗುವುದಿಲ್ಲ. ಹುಡುಗಿಯ ಮನಸ್ಸು ನಿಧಾನಕ್ಕೆ ವಾಲುವುದನ್ನು ಕೆಲವರು ತುಂಬಾ ಚೆನ್ನಾಗಿ ಬರೆಯುತ್ತಾರೆ. ಅವನು ಊಟಕ್ಕೆ ಬಾರದ ದಿನ ಅವಳಿಗೆ ಸಾರು ರುಚಿಸದೇ ಹೋಗುವಂಥ ಸಣ್ಣ ಸಣ್ಣ ಸಂಗತಿಗಳು.

ಅರ್ಧ ದಾಟುವಾಗ ನನಗೆ ಕಿರಿಕಿರಿ ಶುರು. ಆ ನಾಯಕ ಯಾಕೆ ಮಾತಾಡುವುದಿಲ್ಲ? ಅವಳು ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಬೇರೆ ಯಾರ ಜೊತೆಗಾದರೂ ಅವಳು ನಕ್ಕರೆ ಸಿಡುಕುತ್ತಾನೆ. ಕೈ ಹಿಡಿದು ಎಳೆಯುತ್ತಾನೆ. ಆಮೇಲೆ ವಾರಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡುತ್ತಾನೆ. ಕೊನೆಗೆ ಅತ್ತೆಯೋ ಅಡುಗೆಯವರೋ ಬಂದು "ಅವನ ಮನಸ್ಸು ಒಳ್ಳೇದು ಕಣಮ್ಮಾ, ಚಿಕ್ಕವನಿದ್ದಾಗ ತುಂಬಾ ನೋವು ತಿಂದಿದ್ದಾನೆ" ಅಂತ ಹೇಳುತ್ತಾರೆ. ಅಷ್ಟು ಹೇಳಿದರೆ ಮುಗಿಯಿತು, ಅವಳ ಕಣ್ಣಲ್ಲಿ ನೀರು, ಮರುದಿನ ಮದುವೆ ಮಾತು. ಅವನ ನೋವನ್ನು ಅವನ ಬಾಯಿಂದಲೇ ಕೇಳುವ ಅವಕಾಶ ಅವಳಿಗೆ ಸಿಗುವುದೇ ಇಲ್ಲ! ನನಗೆ ಬೇಜಾರಾಗುವುದು ಇಲ್ಲಿ. ಮೌನ ಅಂದರೆ ಆಳ, ಸಿಟ್ಟು ಅಂದರೆ ಪ್ರೀತಿ ಅಂತ ಓದಿ ಬೆಳೆದ ಹುಡುಗಿಯರು ನಾಳೆ ಎಂಥವನ ಮುಂದೆ ಕಾಯುತ್ತಾ ಕೂರುತ್ತಾರೋ ಅಂತ ಯೋಚನೆ ಬರುತ್ತದೆ.

ಹಳೇ ಕಾದಂಬರಿಗಳಲ್ಲಿ ಇದು ಇನ್ನೂ ಜಾಸ್ತಿ ಇರುತ್ತದೆ ಅಂತ ಅಂದುಕೊಂಡೇ ಅಮ್ಮನ ಕಪಾಟು ತೆಗೆದೆ. ಅಲ್ಲಿ ಬೇರೆಯದೇ ಸಿಕ್ಕಿತು.

ತ್ರಿವೇಣಿಯವರ 'ಬೆಳ್ಳಿಮೋಡ' ನಿಮ್ಮಲ್ಲಿ ತುಂಬಾ ಜನ ಓದಿರುತ್ತೀರಿ, ಓದದವರು ಪುಟ್ಟಣ್ಣ ಕಣಗಾಲರ 1967ರ ಸಿನಿಮಾದಲ್ಲಿ ನೋಡಿರುತ್ತೀರಿ. ಇಂದಿರಾ ಎಸ್ಟೇಟ್ ಮಾಲೀಕರ ಒಬ್ಬಳೇ ಮಗಳು. ಅವಳಿಗೆ ಗೊತ್ತಾದ ಹುಡುಗ ಮೋಹನ್ ಅವಳಪ್ಪನ ದುಡ್ಡಿನಲ್ಲಿ ಅಮೆರಿಕಕ್ಕೆ ಹೋಗಿ ಓದುತ್ತಾನೆ. ಅವನು ಬರುವಷ್ಟರಲ್ಲಿ ಇಂದಿರಾಗೆ ತಮ್ಮ ಹುಟ್ಟಿರುತ್ತಾನೆ. ಆಸ್ತಿ ಇನ್ನು ಅವಳದ್ದಲ್ಲ ಅಂತ ಗೊತ್ತಾದಾಗ ಅವನ ಪ್ರೀತಿಯೂ ಮುಗಿಯುತ್ತದೆ. ಮುಂದೆ ಅವನೇ ಪೆಟ್ಟಾಗಿ ಮಲಗಿದಾಗ ಇಂದಿರಾ ಅವನ ಆರೈಕೆ ಮಾಡುತ್ತಾಳೆ, ಅವನ ಮನಸ್ಸು ಬದಲಾಗುತ್ತದೆ, ಮದುವೆಯಾಗೋಣ ಅನ್ನುತ್ತಾನೆ. ಅವಳು ಒಪ್ಪುವುದಿಲ್ಲ. ಎಂಥ ಕೊನೆ! ಈಗಿನ ಕಂತುಗಳ ಲೆಕ್ಕದಲ್ಲಿ ಅವನು ಕ್ಷಮೆ ಕೇಳಿದ ತಕ್ಷಣ ತೋರಣ ಕಟ್ಟಬೇಕಿತ್ತು. ತ್ರಿವೇಣಿ ಕಟ್ಟಲಿಲ್ಲ. ಅದೂ ಅವರು ಬದುಕಿದ್ದು 34 ವರ್ಷ ಮಾತ್ರ, 1963ರಲ್ಲಿ ತೀರಿಕೊಂಡರು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಷ್ಟು ಗಟ್ಟಿ ಮನಸ್ಸಿನ ಹೆಣ್ಣನ್ನು ಬರೆದರು ಅಂತ ನನಗೆ ಇವತ್ತಿಗೂ ಆಶ್ಚರ್ಯ.

ವಾಣಿಯವರ 'ಎರಡು ಕನಸು' ಓದುವಾಗ ಮಾತ್ರ ಒದ್ದಾಡಿದೆ. ರಾಮಚಂದ್ರ ಮನೆಯವರ ಒತ್ತಾಯಕ್ಕೆ ಗೌರಿಯನ್ನು ಮದುವೆಯಾಗುತ್ತಾನೆ. ಹಳೇ ಪ್ರೀತಿ ಮರೆಯಲಾಗದೆ ಹೆಂಡತಿಯನ್ನು ದೂರ ಇಡುತ್ತಾನೆ. ಅವಳು ಕಾಯುತ್ತಾಳೆ, ಸಹಿಸುತ್ತಾಳೆ, ಮತ್ತೆ ಕಾಯುತ್ತಾಳೆ. ಬರವಣಿಗೆ ಚೆಂದ, ಗೌರಿಯ ಬಗ್ಗೆ ಕರುಳು ಚುರುಕ್ ಅನ್ನುತ್ತದೆ. ಆದರೆ ಒಂದೇ ಮನೆಯಲ್ಲಿ ಇಬ್ಬರು ಇದ್ದು, ಒಂದು ದಿನ ಕೂತು ನಿನ್ನ ಮನಸ್ಸಿನಲ್ಲಿ ಏನಿದೆ ಅಂತ ಕೇಳಿಕೊಂಡಿದ್ದರೆ ಅವಳಿಗೆ ಎಷ್ಟು ವರ್ಷ ಉಳಿಯುತ್ತಿತ್ತು ಅಂತ ಓದುವಾಗಲೆಲ್ಲ ಅನಿಸುತ್ತಿತ್ತು.

ಹಾಗಾಗಿ ನನ್ನ ಪ್ರಶ್ನೆ ಇಷ್ಟೇ. ಗಂಡು ಹೆಣ್ಣು ಇಬ್ಬರೂ ಬಾಯಿಬಿಟ್ಟು ಮಾತಾಡುವ, ಜಗಳವಾಡಿದರೂ ಮಾತಲ್ಲೇ ಆಡುವ, ಮದುವೆ ಆದಮೇಲೂ ಪ್ರೀತಿ ಮುಂದುವರಿಯುವ ಕಾದಂಬರಿ ಯಾವುದಿದೆ? ಕನ್ನಡದ್ದಾದರೆ ತುಂಬಾ ಒಳ್ಳೆಯದು, ಬೇರೆ ಭಾಷೆಯದ್ದೂ ಆಗಬಹುದು. ಮದುವೆ ಮನೆಗೆ ಬಂದು ನಿಂತುಬಿಡುವ ಕತೆಗಳು ಸಾಕಾಗಿವೆ. ಮದುವೆ ಆದಮೇಲೆ ಬರೇ ಕಷ್ಟವನ್ನೇ ಹೇಳುವ ಕತೆಗಳೂ ಬೇಕಾದಷ್ಟಿವೆ. ಇವೆರಡರ ನಡುವಿನದ್ದು ಬೇಕು.

---

ಅಡಿಕೆ ಚಪ್ಪರ:

ಹಕ್ಕಿಯವರೇ, ಒಳ್ಳೇ ಪ್ರಶ್ನೆ ಕೇಳಿದ್ದೀರಿ. ನಾನು ಜಾಸ್ತಿ ಪ್ರೇಮ ಕಾದಂಬರಿ ಓದಿದವನಲ್ಲ, ಮನೆಯವಳು ಓದುತ್ತಾಳೆ, ಅವಳು ಓದಿ ಮುಗಿಸಿದ್ದನ್ನು ನಾನು ತಿರುವಿ ಹಾಕುತ್ತೇನೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಒಂದೇ: ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'.

ಅದನ್ನು ಪ್ರೇಮ ಕಾದಂಬರಿ ಅಂತ ಯಾರೂ ಕರೆಯುವುದಿಲ್ಲ. ದಪ್ಪ ನೋಡಿಯೇ ಜನ ಕೆಳಗಿಡುತ್ತಾರೆ. ಆದರೆ ಅದರೊಳಗೆ ಇರುವಷ್ಟು ಪ್ರೇಮಿಗಳು ಬೇರೆ ಯಾವ ಕನ್ನಡ ಪುಸ್ತಕದಲ್ಲಿ ಇದ್ದಾರೆ ಹೇಳಿ. ಗುತ್ತಿ ತಿಮ್ಮಿ ಒಂದು ಜೋಡಿ. ಮುಕುಂದಯ್ಯ ಚಿನ್ನಮ್ಮ ಒಂದು ಜೋಡಿ. ಐತ ಪಿಂಚಲು ಒಂದು ಜೋಡಿ. ಇದರಲ್ಲಿ ನೀವು ಹುಡುಕುತ್ತಿರುವುದು ಐತ ಪಿಂಚಲುವನ್ನೇ. ಅವರಿಬ್ಬರೂ ಗಂಡ ಹೆಂಡತಿ. ಘಟ್ಟದ ಕೆಳಗಿನಿಂದ ಬಂದ ಬಡ ಆಳುಗಳು, ಬಿಡಾರದಲ್ಲಿ ಇರುವವರು. ಎಸ್ಟೇಟಿಲ್ಲ, ದೊಡ್ಡ ಮನೆಯಿಲ್ಲ. ಆದರೆ ಅವರಿಬ್ಬರು ಮಾತಾಡುವುದು, ಕಾಲೆಳೆಯುವುದು, ಹುಸಿಮುನಿಸು ತೋರಿಸುವುದು ಓದಿದರೆ ಪ್ರೀತಿ ಅಂದರೆ ಇದು ಮಾರಾಯ್ರೇ ಅನಿಸುತ್ತದೆ. ಅದೂ ಅವರು ತಮ್ಮ ಪಾಡಿಗೆ ತಾವು ಇರುವವರಲ್ಲ. ಚಿನ್ನಮ್ಮ ಬೇಡದ ಮದುವೆ ತಪ್ಪಿಸಿಕೊಂಡು ಕಾಡಿಗೆ ಓಡುವಾಗ ಜೊತೆ ನಿಲ್ಲುವವಳು ಇದೇ ಪಿಂಚಲು. ಒಳ್ಳೆಯ ದಾಂಪತ್ಯ ನೋಡಿದವಳಿಗೇ ಇನ್ನೊಬ್ಬಳ ಪ್ರೀತಿಯ ಬೆಲೆ ಗೊತ್ತಾಗುತ್ತದೆ ಅಂತ ನನಗೆ ಅನಿಸಿದ್ದು.

ಗುತ್ತಿ ತಿಮ್ಮಿಯ ಕತೆಯಲ್ಲಿ ಇನ್ನೊಂದು ಇದೆ. ಗುತ್ತಿ ಜೀತದಾಳು. ಅವನು ತಿಮ್ಮಿಯನ್ನು ಹಾರಿಸಿಕೊಂಡು ಹೋಗುವುದು ಅಂದರೆ ಬರೀ ಅವಳ ಅಪ್ಪ ಅಮ್ಮನನ್ನು ಎದುರಿಸುವುದಲ್ಲ, ಎರಡು ಕಡೆಯ ಒಡೆಯರನ್ನು ಎದುರು ಹಾಕಿಕೊಳ್ಳುವುದು. ಆಳು ಹೋದರೆ ದುಡಿಮೆ ಹೋಯಿತು, ಸಾಲದ ಲೆಕ್ಕ ಹೋಯಿತು. ಅಂದರೆ ಅವರ ಪ್ರೀತಿಗೆ ಅಡ್ಡ ಬರುವುದು ಯಾರದ್ದೋ ತಪ್ಪು ತಿಳುವಳಿಕೆ ಅಲ್ಲ. ಅವರು ಯಾರ ಒಕ್ಕಲು, ಯಾರ ಆಳು ಅನ್ನುವುದು. ಮೊಬೈಲಿನ ಕತೆಗಳಲ್ಲಿ ಒಂದು ಫೋನ್ ಕರೆ ಮಾಡಿದರೆ ಸರಿಹೋಗುವ ವಿಷಯಕ್ಕೆ ಇಪ್ಪತ್ತು ಕಂತು ಅಳುತ್ತಾರೆ. ಗುತ್ತಿ ತಿಮ್ಮಿ ದಾಟಬೇಕಾದದ್ದು ನಿಜವಾದ ಕಾಡು, ನಿಜವಾದ ತುಂಗೆ.

ಮಳೆಯ ಬಗ್ಗೆಯೂ ಒಂದು ಮಾತು. ನಮ್ಮವಳು ತೋರಿಸಿದ ಒಂದು ಕತೆಯಲ್ಲಿ ಆಷಾಢದ ಜಡಿಮಳೆಯಲ್ಲಿ ಕಾಫಿ ಹೂ ಬಿಟ್ಟು ಘಮಘಮ ಅನ್ನುತ್ತಿತ್ತು. ಕಾಫಿ ಹೂ ಬಿಡುವುದು ಬೇಸಿಗೆಯ ಹೂಮಳೆ ಬಿದ್ದ ಮೇಲೆ, ಮಾರ್ಚ್ ಏಪ್ರಿಲ್ ಹೊತ್ತಿಗೆ. ಇಷ್ಟು ಗೊತ್ತಿಲ್ಲದೆ ನಮ್ಮ ಊರನ್ನು ಯಾಕೆ ಕತೆಗೆ ತರುತ್ತಾರೆ? ಮಳೆಗಾಲದಲ್ಲಿ ಇಲ್ಲಿಯ ತೋಟದವನಿಗೆ ಕಿಟಕಿ ಪಕ್ಕ ನಿಂತು ಯೋಚಿಸುವಷ್ಟು ಪುರುಸೊತ್ತಿರುವುದಿಲ್ಲ. ಮೈಲುತುತ್ತ, ಸುಣ್ಣ ಕಲೆಸಿ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸಬೇಕು, ಮಳೆ ಬಿಡುವು ಕೊಡಬೇಕು, ಮರ ಹತ್ತುವವರು ಸಿಗಬೇಕು. ಒಂದು ಔಷಧಿ ತಪ್ಪಿದರೆ ಕೊಳೆ ರೋಗ ಬಂದು ಕಾಯೆಲ್ಲ ಬುಡಕ್ಕೆ ಉದುರುತ್ತದೆ. ಆ ವರ್ಷ ಮನೆಯಲ್ಲಿ ಗಂಡ ಹೆಂಡತಿ ಏನು ಮಾತಾಡಿಕೊಳ್ಳುತ್ತಾರೆ, ಯಾರು ಯಾರಿಗೆ ಧೈರ್ಯ ಹೇಳುತ್ತಾರೆ, ಯಾವ ಖರ್ಚು ಮುಂದಕ್ಕೆ ಹಾಕುತ್ತಾರೆ, ಮಗಳ ಫೀಸಿಗೆ ಯಾರ ಬಳೆ ಬ್ಯಾಂಕಿಗೆ ಹೋಗುತ್ತದೆ, ಅದನ್ನು ಬರೆದರೆ ಅದಕ್ಕಿಂತ ದೊಡ್ಡ ಪ್ರೇಮ ಕತೆ ಬೇಕಾ? ಬರೆಯುವವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

---

ಸಾಗರದವಳು:

ನಾನು 'ಸುಧಾ', 'ಪ್ರಜಾಮತ' ವಾರಪತ್ರಿಕೆಗಳ ಕಾಲದಲ್ಲಿ ಓದಿದವಳು. ಹಕ್ಕಿ, ನಿನ್ನ ವಯಸ್ಸಿನ ಮಗಳಿದ್ದಾಳೆ ನನಗೆ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ, ಬೇಜಾರಾಗಬೇಡ.

'ಎರಡು ಕನಸು' ಬಗ್ಗೆ ನೀನು ಬರೆದದ್ದು ಓದಿ ಮನಸ್ಸಿಗೆ ಸ್ವಲ್ಪ ಚುಚ್ಚಿತು. ಗೌರಿ ಯಾಕೆ ಕೇಳಲಿಲ್ಲ ಅಂತೀಯ. ನಾವು ಯಾರು ಕೇಳಿದ್ದೆವು ಹೇಳು? ನನ್ನ ಅತ್ತೆ ಮಾವ ನಮ್ಮೆದುರು ಒಬ್ಬರಿಗೊಬ್ಬರು ಹೆಸರು ಹಿಡಿದು ಕರೆದಿದ್ದು ನೋಡಿಲ್ಲ. ಮಾವ ಜಗುಲಿಯಲ್ಲಿ, ಅತ್ತೆ ಒಳಗೆ. ಕಾಫಿ ಬೇಕಾದರೂ ಮಕ್ಕಳ ಕೈಲಿ ಹೇಳಿ ಕಳಿಸುತ್ತಿದ್ದರು. ಅಂಥ ಮನೆಗಳಲ್ಲಿ ಕೂತು ಓದಿದವರು ನಾವು. ಗೌರಿಯ ಒಳಗಿನ ಮಾತು ಪುಟಗಟ್ಟಲೆ ಅಚ್ಚಾಗಿ ಬಂದಾಗ, ಅಯ್ಯೋ ಇದು ಹೊರಗೆ ಹೇಳುವಂಥ ವಿಷಯವಾ ಅಂತ ಎದೆ ಹೊಡೆದುಕೊಂಡಿತು. ಗಂಡ ಮಾತಾಡದ ಮನೆಯಲ್ಲಿ ಕತೆ ಪೂರ್ತಿ ಹೆಂಡತಿಯ ಯೋಚನೆಯದ್ದೇ ಆಗುತ್ತದೆ ಅಲ್ವಾ? ಅವನು ಬಾಯಿ ಮುಚ್ಚಿಕೊಂಡದ್ದರಿಂದ ಪುಸ್ತಕ ಅವಳದ್ದಾಯಿತು. ಹಾಗೆ ನೋಡು ಒಂದು ಸಲ. ಅವನ ಮೌನ ಒಳ್ಳೆಯದು ಅಂತ ಹೇಳುತ್ತಿಲ್ಲ ನಾನು. ಅದರೊಳಗೆ ಹೆಂಗಸೊಬ್ಬಳು ಏನು ಯೋಚಿಸುತ್ತಾಳೆ ಅಂತ ಬರೆದದ್ದೇ ಆಗ ದೊಡ್ಡ ವಿಷಯ.

ಈ ಬರಹಗಳನ್ನೆಲ್ಲ ಅಡುಗೆಮನೆ ಸಾಹಿತ್ಯ ಅಂತ ಸುಮ್ನೆ ತಳ್ಳಿಹಾಕಿದರು. ಈಗಲೂ ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಎಂ.ಕೆ. ಇಂದಿರಾ ನಮ್ಮ ತೀರ್ಥಹಳ್ಳಿಯವರು, 1917ರಲ್ಲಿ ಹುಟ್ಟಿದವರು. ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, ನಲವತ್ತು ದಾಟಿ ಎಷ್ಟೋ ವರ್ಷ ಆದಮೇಲೆ. ಸಂಸಾರ, ಒಲೆ, ಮಕ್ಕಳು ಎಲ್ಲ ನೋಡಿ ಆಮೇಲೆ ಪೆನ್ನು ಹಿಡಿದವರು. ಅನುಪಮಾ ನಿರಂಜನ ಹುಟ್ಟಿದ್ದೂ ತೀರ್ಥಹಳ್ಳಿಯಲ್ಲೇ, ಡಾಕ್ಟರು ಅವರು. ಈ ಇಬ್ಬರ ಪುಸ್ತಕಗಳನ್ನು ಓದುವಾಗ ಮಲೆನಾಡಿನ ಮನೆ ಹೇಗಿರುತ್ತದೆ, ಹೆಣ್ಣಿನ ಮೈಗೆ ಮನಸ್ಸಿಗೆ ಏನಾಗುತ್ತದೆ ಅಂತ ಗೊತ್ತಿದ್ದವರೇ ಬರೆದದ್ದು ಅಂತ ತಿಳಿಯುತ್ತದೆ. ಇಂದಿರಾ ಅವರ 'ಗೆಜ್ಜೆಪೂಜೆ' ಓದು. ಮದುವೆಯಾಗಿ ಎಲ್ಲರ ಹಾಗೆ ಸಂಸಾರ ಮಾಡಬೇಕು ಅನ್ನುವ ಆಸೆ ಒಬ್ಬ ಹುಡುಗಿಗೆ ಎಷ್ಟು ದೂರದ್ದಾಗಿರಬಹುದು ಅಂತ ಅದರಲ್ಲಿ ಇದೆ. ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಇನ್ನೊಂದು ಹೇಳಬೇಕು. ಆಗ ಈ ಕತೆಗಳು ಎಷ್ಟೋ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದವು. ವಾರಕ್ಕೆ ನಾಲ್ಕೈದು ಪುಟ. ಮುಂದಿನ ವಾರವೂ ಓದುಗರು ಬರಬೇಕು ಅಂದರೆ ಯಾವುದಾದರೂ ಮಾತು ಅರ್ಧಕ್ಕೆ ನಿಲ್ಲಲೇಬೇಕು. ನೀನು ಓದುವ ಮೊಬೈಲ್ ಕಂತಿಗೂ ಅದೇ ಕತೆ. ನಾಯಕ ಎಲ್ಲ ಹೇಳಿಬಿಟ್ಟರೆ ಕಂತು ಮುಗಿಯಿತಲ್ಲ! ಅದಕ್ಕೇ ಅವನು ಬಾಯಿಬಿಡುವುದಿಲ್ಲ ಅಂತ ನನ್ನ ಅಭಿಪ್ರಾಯ. ನಿನಗೆ ಮಾತಾಡುವ ಜೋಡಿ ಬೇಕಾದರೆ ಕಂತಿನಲ್ಲಿ ಬಾರದ, ಒಟ್ಟಿಗೇ ಬರೆದ ಪುಸ್ತಕಗಳಲ್ಲಿ ಹುಡುಕು.

ಮತ್ತೆ ಕಾದಂಬರಿಯನ್ನೇ ಯಾಕೆ ಹುಡುಕುತ್ತೀಯ? ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಲ್ಲೇ ಬಂತು. ಅದರ ತುಂಬಾ ಇರುವುದು ಗಂಡ ಹೆಂಡತಿಯ ಪ್ರೀತಿ, ಮಾವನ ಮನೆ, ತವರು, ಬಳೆ, ಮುನಿಸು. ಪದ್ಯದಲ್ಲಿ ಅಷ್ಟು ಸಲೀಸಾಗಿ ಬಂದದ್ದು ಗದ್ಯದಲ್ಲಿ ಯಾಕೆ ಬರಲಿಲ್ಲ ಅಂತ ನನಗೂ ಎಷ್ಟೋ ಸಲ ಅನಿಸಿದೆ.

---

ಮಂಡಗದ್ದೆ ಹಕ್ಕಿ:

ಅಕ್ಕಾ, ನೀನು ಅಂತಲೇ ಕರೆಯಿರಿ, ಖುಷಿಯಾಯಿತು. ಗಂಡ ಬಾಯಿ ಮುಚ್ಚಿದ್ದರಿಂದ ಪುಸ್ತಕ ಹೆಂಡತಿಯದ್ದಾಯಿತು ಅಂತ ಬರೆದಿದ್ದೀರಲ್ಲ, ಅದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಏನೂ ಹೇಳದೆ, ಆಮೇಲೆ "ಹೌದು, ಅದಕ್ಕೇ ಓದುತ್ತಿದ್ದೆವು" ಅಂದರು.

ಆದರೂ ಒಂದು ಕಡೆ ನಾನು ಒಪ್ಪುವುದಿಲ್ಲ ಅಕ್ಕ. ನಿಮ್ಮ ಕಾಲದ ಗೌರಿ ಕೇಳುವ ಹಾಗಿರಲಿಲ್ಲ, ಸರಿ. ಈಗಿನ ಕತೆಯ ಹುಡುಗಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ, ಒಬ್ಬಳೇ ಬೆಂಗಳೂರಲ್ಲಿ ಬಾಡಿಗೆ ಮನೆ ಮಾಡಿದ್ದಾಳೆ, ಆಫೀಸಿನಲ್ಲಿ ಮ್ಯಾನೇಜರಿಗೆ ಎದುರು ಮಾತಾಡುತ್ತಾಳೆ. ಅದೇ ಹುಡುಗಿ ಎಸ್ಟೇಟಿನ ಗೇಟು ದಾಟಿದ ಕೂಡಲೇ ಗೌರಿ ಆಗಿಬಿಟ್ಟರೆ ನಾನು ಹೇಗೆ ನಂಬಲಿ? ಕಾಲ ಬದಲಾದದ್ದು ಅವಳ ಬಟ್ಟೆಯಲ್ಲಿ ಮಾತ್ರ ಕಾಣುತ್ತದೆ, ಮಾತಿನಲ್ಲಿ ಇಲ್ಲ. ಮತ್ತೆ ಕೆಲಸ. ಮದುವೆ ಗೊತ್ತಾದ ಮೇಲೆ ಆ ಕೆಲಸ ಏನಾಯಿತು ಅಂತ ಯಾರೂ ಬರೆಯುವುದಿಲ್ಲ. ಬಿಟ್ಟಳಾ, ಮನೆಯಿಂದ ಮಾಡುತ್ತಾಳಾ, ಅಲ್ಲಿ ನೆಟ್‌ವರ್ಕ್ ಸಿಗುತ್ತದಾ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಇದರ ಬಗ್ಗೆ ಅವರಿಬ್ಬರು ಕೂತು ಮಾತಾಡಿದ ಒಂದೇ ಒಂದು ಪುಟ ನನಗೆ ಸಿಕ್ಕಿಲ್ಲ.

ಚಪ್ಪರದವರೇ, ಐತ ಪಿಂಚಲು ನೆನಪಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್. ಕಾಲೇಜಿನಲ್ಲಿ ಪರೀಕ್ಷೆಗೆ ಅಂತ ಓದಿದಾಗ ನಾಯಿ ಹುಲಿಯನ ಕೊನೆಯೇ ಮನಸ್ಸಲ್ಲಿ ಉಳಿದಿತ್ತು. ಈ ಸಲ ಪಿಂಚಲುಗೋಸ್ಕರ ಓದುತ್ತೇನೆ.

---

ಶಂಕರಘಟ್ಟ ಹಾಸ್ಟೆಲ್:

ನಾನು ಎಂ.ಎ. ಓದುತ್ತಿದ್ದೇನೆ. ಹೊಸ ಕತೆಗಳ ಪರವಾಗಿ ಇಲ್ಲಿ ಯಾರೂ ಮಾತಾಡಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅಕ್ಕಂದಿರೇ, ನಮ್ಮ ಹಾಸ್ಟೆಲಿನಲ್ಲಿ ರಾತ್ರಿ ಹೊತ್ತು ಈ ಕಂತುಗಳನ್ನು ಓದದವರು ಕಡಿಮೆ. ಕೊನೆ ಸುಖವಾಗಿ ಮುಗಿಯುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ಅದೇ ನಮಗೆ ಬೇಕಾಗಿರುವುದು. ಮನೆಯಲ್ಲಿ ಅಪ್ಪನ ಸಾಲ, ಇಲ್ಲಿ ಇಂಟರ್ನಲ್ಸು, ಮುಂದೆ ಕೆಲಸ ಸಿಗುತ್ತದೋ ಇಲ್ಲವೋ. ಇದರ ನಡುವೆ ಒಂದು ಕತೆಯಾದರೂ ನೆಟ್ಟಗೆ ಮುಗಿಯಲಿ ಅಂತ ಆಸೆ ಪಡುವುದು ತಪ್ಪಾ? ಮತ್ತೆ ನಾವು ಓದಿದ್ದನ್ನೆಲ್ಲ ನಂಬಿಬಿಡುವವರಲ್ಲ. ಕೈ ಹಿಡಿದು ಎಳೆಯುವ ನಾಯಕ ಬಂದರೆ ಕೆಳಗೆ ಕಾಮೆಂಟಿನಲ್ಲಿ ಹುಡುಗಿಯರೇ ಜಾಡಿಸುತ್ತಾರೆ. ಬರೆಯುವವರು ಎಷ್ಟೋ ಸಲ ಮುಂದಿನ ಕಂತಿನಲ್ಲಿ ಅವನ ಬಾಯಲ್ಲಿ ಕ್ಷಮೆ ಕೇಳಿಸುತ್ತಾರೆ. ಅಚ್ಚಾದ ಪುಸ್ತಕದಲ್ಲಿ ಇದು ಆಗುತ್ತಾ?

ಹಕ್ಕಿ ಅಕ್ಕ ಕೇಳಿದ್ದಕ್ಕೆ ನನ್ನ ಉತ್ತರ ಜೇನ್ ಆಸ್ಟೆನ್ ಬರೆದ 'ಪರ್ಸುಯೇಷನ್'. ಅವರು 1817ರ ಜುಲೈನಲ್ಲಿ ತೀರಿಕೊಂಡರು, ಈ ಪುಸ್ತಕ ಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಆ್ಯನ್ ಎಲಿಯಟ್‌ಗೆ 27 ವರ್ಷ. 19ನೇ ವಯಸ್ಸಿನಲ್ಲಿ ಅವಳು ಪ್ರೀತಿಸಿದ ನೌಕಾಪಡೆಯ ಹುಡುಗನನ್ನು ದೊಡ್ಡವರ ಮಾತು ಕೇಳಿ ಬಿಟ್ಟಿರುತ್ತಾಳೆ. ಅವನ ಹತ್ತಿರ ದುಡ್ಡಿಲ್ಲ, ಮನೆತನ ಇಲ್ಲ ಅಂತ. ಎಂಟು ವರ್ಷ ಆದಮೇಲೆ ಅವನು ದುಡ್ಡು ಮಾಡಿಕೊಂಡು ವಾಪಸ್ಸು ಬರುತ್ತಾನೆ. ಕೇಳಿದರೆ ನಮ್ಮ ಯಾವುದೋ ಊರಿನ ಕತೆ ಅನಿಸುತ್ತದೆ ಅಲ್ವಾ? ಇಲ್ಲೂ ಇಬ್ಬರೂ ತುಂಬಾ ಹೊತ್ತು ಮಾತಾಡುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಕೊನೆಗೆ ಅವನು ಕೂತು ಕಾಗದ ಬರೆಯುತ್ತಾನೆ. ತನ್ನ ಮನಸ್ಸಿನಲ್ಲಿ ಇರುವುದನ್ನು ತಾನೇ ಹೇಳುತ್ತಾನೆ, ಬೇರೆ ಯಾರೂ ಬಂದು ಅವನ ಪರವಾಗಿ ಹೇಳುವುದಿಲ್ಲ. ನೀವು ಕೇಳಿದ್ದು ಇದನ್ನೇ ಅಲ್ವಾ?

ಅದರಲ್ಲಿ ಇನ್ನೊಂದು ಜೋಡಿ ಇದೆ, ನನಗೆ ಅವರೇ ಜಾಸ್ತಿ ಇಷ್ಟ. ಅಡ್ಮಿರಲ್ ಕ್ರಾಫ್ಟ್ ಮತ್ತು ಅವನ ಹೆಂಡತಿ. ಮದುವೆಯಾಗಿ ಎಷ್ಟೋ ವರ್ಷ ಆಗಿದೆ. ಅವಳು ಗಂಡನ ಜೊತೆ ಹಡಗಿನಲ್ಲೇ ಬದುಕಿದವಳು, ಅಟ್ಲಾಂಟಿಕ್ ಸಮುದ್ರವನ್ನು ನಾಲ್ಕು ಸಲ ದಾಟಿದವಳು. ಹೆಂಗಸರಿಗೆ ಹಡಗು ಆಗಿಬರುವುದಿಲ್ಲ ಅಂತ ಅವಳ ತಮ್ಮನೇ ಹೇಳಿದಾಗ ಅವಳು ಸುಮ್ಮನಿರುವುದಿಲ್ಲ, ವಾದ ಮಾಡುತ್ತಾಳೆ. ಒಂದು ಕಡೆ ಗಂಡ ಗಾಡಿ ಓಡಿಸುತ್ತಿರುತ್ತಾನೆ, ಎದುರಿಗೆ ಕಂಬ. ಅವಳು ಪಕ್ಕದಲ್ಲಿ ಕೂತಲ್ಲಿಂದಲೇ ಲಗಾಮಿಗೆ ಕೈ ಹಾಕಿ ಸ್ವಲ್ಪ ತಿರುಗಿಸುತ್ತಾಳೆ, ಗಾಡಿ ತಪ್ಪಿಸಿಕೊಳ್ಳುತ್ತದೆ. ಅವನು ಬೇಸರ ಮಾಡಿಕೊಳ್ಳುವುದಿಲ್ಲ, ಇವಳು ಹಂಗಿಸುವುದಿಲ್ಲ. ಆ್ಯನ್ ಗಾಡಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿರುತ್ತಾಳೆ. ಇನ್ನೂರು ವರ್ಷದ ಹಿಂದೆ ಬರೆದ ಈ ಪುಟ ಓದಿ, ನನಗೂ ಇಂಥದ್ದು ಬೇಕು ಅಂತ ಮನಸ್ಸಿನಲ್ಲೇ ಹೇಳಿಕೊಂಡೆ.

---

ದುರ್ಗಿಗುಡಿ ವಕೀಲ:

ಸಾಹಿತ್ಯದವನಲ್ಲ, ಆದರೆ 'ಬೆಳ್ಳಿಮೋಡ' ನನ್ನ ಇಷ್ಟದ ಪುಸ್ತಕ. ಒಂದು ವಿಷಯ ಸೇರಿಸುತ್ತೇನೆ.

ಇಂದಿರಾಳ ಕತೆ ನಿಂತಿರುವುದು ತಮ್ಮ ಹುಟ್ಟಿದರೆ ಅಕ್ಕನ ಬೆಲೆ ಇಳಿಯುತ್ತದೆ ಅನ್ನುವುದರ ಮೇಲೆ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಸಮ ಪಾಲು ಬಂತು. ಅದಕ್ಕೆ ಮುಂಚೆಯೇ ಮದುವೆಯಾಗಿದ್ದವರಿಗೆ ಆಗ ಅದು ಸಿಗಲಿಲ್ಲ. 2005ರಲ್ಲಿ ಇಡೀ ದೇಶಕ್ಕೆ ಸಮ ಪಾಲಿನ ಕಾನೂನು ಬಂತು. ಅಂದರೆ ಇವತ್ತಿನ ಕತೆಯಲ್ಲಿ ಆ ದೊಡ್ಡ ಮನೆಯ, ಆ ತೋಟದ ಮಾಲೀಕ ನಾಯಕ ಒಬ್ಬನೇ ಅಲ್ಲ. ಪಿತ್ರಾರ್ಜಿತ ಆಸ್ತಿಯಾದರೆ ಅವನ ತಂಗಿಗೂ ಅಷ್ಟೇ ಪಾಲು. ನಾನು ನೋಡಿದ ಯಾವ ಪ್ರೇಮ ಕತೆಯಲ್ಲೂ ಆ ತಂಗಿ ಪಾಲು ಕೇಳಿದ್ದಿಲ್ಲ. ಅವಳು ಬರುವುದು ಅತ್ತಿಗೆಯನ್ನು ರೇಗಿಸಲು, ಆಮೇಲೆ ಅಳಲು. ನಾಯಕಿಗೂ ತನ್ನ ತವರಿನಲ್ಲಿ ಪಾಲಿದೆ, ಅದೂ ಕತೆಗೆ ಬರುವುದಿಲ್ಲ.

ಕೋರ್ಟಿನಲ್ಲಿ ನಾನು ದಿನಾ ಇದನ್ನೇ ನೋಡುತ್ತೇನೆ. ಅಣ್ಣನ ಮೇಲೆ ಪ್ರೀತಿ ಇರುವ ತಂಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು, ಹಾಕಿದ ಮೇಲೆ ಅವಳ ಗಂಡ ಏನಂದ, ಹಾಕದಿದ್ದರೆ ತವರಿನ ಬಾಗಿಲು ಮುಚ್ಚಿತಾ. ಗಂಡ ಹೆಂಡತಿ ನಡುವೆ ನಿಜವಾದ ಮಾತು ನಡೆಯುವುದು ಇಂಥ ರಾತ್ರಿಗಳಲ್ಲಿ. ತ್ರಿವೇಣಿಯವರು ತಮ್ಮ ಕಾಲದ ಆಸ್ತಿಯ ಪ್ರಶ್ನೆಯನ್ನು ಪ್ರೀತಿಯ ನಡುವೆಯೇ ತಂದಿಟ್ಟರು. ನಮ್ಮ ಕಾಲದ ಪ್ರಶ್ನೆ ಇನ್ನೂ ಯಾರಾದರೂ ತರಬೇಕಾಗಿದೆ.

---

ಸಾಗರದವಳು:

ವಕೀಲರೇ, ನಮ್ಮ ಮನೆಯ ವಿಷಯವೇ ಬರೆದ ಹಾಗಿದೆ. ನಾನು ಸಹಿ ಹಾಕಿದವಳು. ಅದರ ಬಗ್ಗೆ ಯಜಮಾನರೂ ನಾನೂ ಮಾತಾಡಿದ್ದು ಎಷ್ಟೋ ವರ್ಷ ಆದಮೇಲೆ. ಇಲ್ಲಿ ಅದು ಬೇಡ.

ಹಾಸ್ಟೆಲ್ ಹುಡುಗೀ, ಆ ಕ್ರಾಫ್ಟ್ ದಂಪತಿಯ ಪುಸ್ತಕ ನನಗೆ ಬೇಕು. ನನ್ನ ಇಂಗ್ಲಿಷು ನಿಧಾನ, ಆದರೂ ಓದುತ್ತೇನೆ. ನೀನು 'ಶರಪಂಜರ' ಓದಿದ್ದೀಯಾ? ಅನ್ಯೋನ್ಯವಾಗಿದ್ದ ಗಂಡ ಹೆಂಡತಿ. ಹೆಂಡತಿಗೆ ಮನಸ್ಸಿನ ಕಾಯಿಲೆ ಬಂದು, ಗುಣವಾಗಿ ಮನೆಗೆ ಬರುತ್ತಾಳೆ. ಬಂದಮೇಲೆ ಗಂಡ ಅವಳನ್ನು ಮೊದಲಿನ ಹಾಗೆ ನೋಡುವುದಿಲ್ಲ. ಮಾತು ನಿಂತರೆ ಒಂದು ಮನೆ ಏನಾಗುತ್ತದೆ ಅಂತ ಅದರಷ್ಟು ಸ್ಪಷ್ಟವಾಗಿ ಹೇಳಿದ ಪುಸ್ತಕ ನಾನು ಓದಿಲ್ಲ. ಸುಖದ ಕೊನೆ ಇಲ್ಲ ಅಂತ ಬಿಡಬೇಡ.

---

ಮಂಡಗದ್ದೆ ಹಕ್ಕಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟೆಲ್ಲ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ವಕೀಲರು ಹೇಳಿದ್ದು ಓದಿದ ಮೇಲೆ, ನಾಯಕನಿಗೆ ತಂಗಿ ಇದ್ದಾಳಾ ಅಂತ ಪ್ರತಿ ಕತೆಯಲ್ಲೂ ಹುಡುಕಲು ಶುರು ಮಾಡಿದ್ದೇನೆ.

ಹಾಸ್ಟೆಲ್ ತಂಗಿ, ಸುಖದ ಕೊನೆ ಬೇಕು ಅಂತ ಬರೆದದ್ದು ನನಗೂ ಅರ್ಥವಾಗುತ್ತದೆ. ಅದನ್ನು ಕಿತ್ತುಕೊಳ್ಳುವ ಆಸೆ ನನಗಿಲ್ಲ. ಆ ಸುಖ ಇಬ್ಬರೂ ಕೂತು ಮಾತಾಡಿ ಕಟ್ಟಿಕೊಂಡದ್ದಾಗಿರಲಿ, ಅಷ್ಟೇ ನಾನು ಕೇಳುವುದು. ಕಾಮೆಂಟಿನಲ್ಲಿ ಜಾಡಿಸುವ ಆ ಹುಡುಗಿಯರಲ್ಲಿ ಯಾರಾದರೂ ಬರೆಯಲು ಶುರು ಮಾಡಿದರೆ ನನಗೆ ಲಿಂಕ್ ಕಳಿಸು, ಮೊದಲ ಕಂತಿನಿಂದ ಓದುತ್ತೇನೆ.

'ಪರ್ಸುಯೇಷನ್' ನನ್ನ ಹತ್ತಿರ ಇದೆ, ಇನ್ನೂ ಓದಿಲ್ಲ. ಸಾಗರದ ಅಕ್ಕಾ, ನಾನು ಮೊದಲು ಮುಗಿಸಿ ನಿಮಗೆ ತಲುಪಿಸುತ್ತೇನೆ. ನಿಮ್ಮ ಹತ್ತಿರ 'ತುಂಗಭದ್ರ' ಇದ್ದರೆ ಕೊಡುತ್ತೀರಾ? ನಮ್ಮಮ್ಮನ ಪ್ರತಿಯನ್ನು ಯಾರೋ ಓದಲು ಒಯ್ದವರು ವಾಪಸ್ಸು ಕೊಟ್ಟಿಲ್ಲ, ಶಿವಮೊಗ್ಗದ ಅಂಗಡಿಗಳಲ್ಲಿ ಕೇಳಿದೆ, ಸಿಗಲಿಲ್ಲ.

---

ಸಾಗರದವಳು:

ಇದೆ. ಹಳೇ ಪ್ರತಿ, ಹೊಲಿಗೆ ಬಿಟ್ಟಿದೆ, ಹುಷಾರಾಗಿ ಓದಬೇಕು. ದೀಪಾವಳಿ ಕಳೆದ ಮೇಲೆ ಮಗಳ ಮನೆಗೆ ಶಿವಮೊಗ್ಗಕ್ಕೆ ಬರುವವಳಿದ್ದೇನೆ, ಆಗ ತರುತ್ತೇನೆ. ಅಮ್ಮನನ್ನೂ ಕರೆದುಕೊಂಡು ಬಾ.